ಜೋಡಿ ಗುಂಡು, ಒಂಟಿ ಗುಂಡು

ನಾನು ರ‍್ಯಾಲಿ ಕಾರು ಓಡಿಸಲು ಹೊರಟಾಗ ಅಪ್ಪ ಹಾಕಿದ್ದು ಒಂದೇ ಷರತ್ತು.

"ಗುದ್ದಿಕೊಂಡು ಬಾ, ಬಾಗಿಲು ಕಳಚಿಕೊಂಡು ಬಾ, ನಾನು ಎಂತದೂ ಕೇಳೋದಿಲ್ಲ. ಆದರೆ ಕಾರು ಮಗುಚಿದ ದಿನ ನಿನ್ನ ಓಟ ಮುಗೀತು. ಅವತ್ತೇ ಬ್ಯಾಗ್ ಕಟ್ಟಿಕೊಂಡು ಮನೆಗೆ ಬರಬೇಕು. ಆಮೇಲೆ ಸ್ಟೀರಿಂಗ್ ಮುಟ್ಟೋದು ತೋಟದ ಜೀಪಿಂದು ಮಾತ್ರ."

ನಡುಮನೆಯ ತೂಗುದೀಪದ ಎದುರು ನಿಲ್ಲಿಸಿ, ನನ್ನ ಬಾಯಿಂದ 'ಆಯ್ತು' ಅನ್ನಿಸಿಕೊಂಡೇ ಬಿಟ್ಟರು. ತೀರಿಹೋದ ಹಿರಿಯರ ಹೆಸರಲ್ಲಿ ಹಚ್ಚುವ ಆ ದೀಪದ ಎದುರು ಆಡಿದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಮೀರುವ ಹಾಗಿಲ್ಲ. ಆದರೂ ನಾನು ಹೆಚ್ಚು ಯೋಚಿಸದೆ ಹೇಳಿಬಿಟ್ಟೆ. ಆಗ ನನಗಿದ್ದ ಧಿಮಾಕು ಅಂಥದ್ದು. ಮಗುಚುವುದೇನಿದ್ದರೂ ಬೇರೆಯವರ ಕಾರು ಎಂದುಕೊಂಡಿದ್ದೆ.

ನಾವು ಮನೆಯಲ್ಲಿ ಆಡುವುದು ಕೊಡವ ತಕ್ಕ್. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಪ್ಪನ ಬೈಗುಳ ಸ್ವಲ್ಪ ಸಪ್ಪೆ ಅನ್ನಿಸಿದರೆ ಅದಕ್ಕೆ ಇದೇ ಕಾರಣ.

ಅಪ್ಪನ ಹೆದರಿಕೆಗೂ ಒಂದು ಹಿನ್ನೆಲೆ ಇತ್ತು. ಅವರ ತಮ್ಮ, ಅಂದರೆ ನಮ್ಮ ಚಿಕ್ಕಪ್ಪ, ಪ್ರಾಯದಲ್ಲಿ ಕಾಫಿ ಮೂಟೆ ತುಂಬಿದ ಜೀಪನ್ನು ತೋಟದ ತಿರುವಿನಲ್ಲಿ ಮಗುಚಿ ಹಾಕಿದ್ದರು. ಜೀಪಿನ ಅಡಿಯಿಂದ ಅವರನ್ನು ಎಳೆದು ಹೊರಗೆ ತೆಗೆದದ್ದು ಅಪ್ಪ. ಚಿಕ್ಕಪ್ಪ ಅಂದಿನಿಂದ ಕುಂಟುತ್ತಾರೆ. ಬಾಯಿಗೇನೂ ಪೆಟ್ಟಾಗಿಲ್ಲ, ಈಗಲೂ ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಾರೆ. ಮಗುಚಿದವರು ಆ ಸಂಗತಿಯನ್ನು ಮರೆತು ಆರಾಮಾಗಿದ್ದಾರೆ, ಎಳೆದು ತೆಗೆದವರಿಗೆ ಮಾತ್ರ ಮರೆಯಲಾಗಲಿಲ್ಲ.

ಇಷ್ಟಾದರೂ ನನ್ನ ಕೈಗೆ ಸ್ಟೀರಿಂಗ್ ಕೊಟ್ಟದ್ದು ಅದೇ ಅಪ್ಪ! ಕಾಫಿ ಪಿಕ್ಕಿಂಗ್ ಸಮಯದಲ್ಲಿ ತೋಟದಿಂದ ಕಣಕ್ಕೆ ಮೂಟೆ ಸಾಗಿಸಲು ಜನ ಸಿಗುತ್ತಿರಲಿಲ್ಲ. ನನ್ನ ಕಾಲು ಕ್ಲಚ್‌ಗೆ ಸರಿಯಾಗಿ ಎಟುಕುವ ಮೊದಲೇ ಬೆನ್ನ ಹಿಂದೆ ದಿಂಬು ಇಟ್ಟು ಕೂರಿಸಿದರು. ಹುದಿಕೇರಿಯಿಂದ ಒಳಗೆ, ನಮ್ಮ ತೋಟದ ದಾರಿ ಎಂದರೆ ಒಂದು ಕಡೆ ಗೋಡೆಯಂತೆ ಎದ್ದ ಮಣ್ಣಿನ ದರೆ, ಇನ್ನೊಂದು ಕಡೆ ಗುಂಡಿ, ನಡುವೆ ಒದ್ದೆಯಾದರೆ ಜಾರುವ ಕೆಂಪು ಮಣ್ಣು. ಇಳಿಜಾರಿಗೆ ಬಂದ ಕೂಡಲೇ ಪಕ್ಕದಿಂದ ಕೂಗು: "ಬ್ರೇಕ್ ಮುಟ್ಟಬೇಡ! ಗೇರು ಇಳಿಸು!" ಅವರು ಕಲಿಸಿದ ವಿದ್ಯೆ ಅದೊಂದೇ. ಆಮೇಲೆ ದೊಡ್ಡ ದೊಡ್ಡವರ ಹತ್ತಿರ ತರಬೇತಿ ಪಡೆದೆ, ಅವರು ಅದನ್ನೇ ನಾಲ್ಕು ದಿನ ಪಾಠ ಮಾಡಿದರು.

ಬಿಟ್ಟಂಗಾಲದ ಕಡೆ ಕೊಯ್ಲು ಮುಗಿದ ಗದ್ದೆಗಳಲ್ಲಿ ಬೇಸಿಗೆಗೆ ಕಾರಿನ ಓಟ ಇಡುತ್ತಾರೆ. ಅಲ್ಲಿ ಹೆಂಗಸರ ವಿಭಾಗದಲ್ಲಿ ಚಿಕ್ಕಪ್ಪನ ಹಳೆ ಕಾರು ತಂದು ಗೆದ್ದೆ. ಗೆದ್ದ ಮೇಲೆ ಗಂಡಸರ ವಿಭಾಗಕ್ಕೂ ಹೆಸರು ಕೊಟ್ಟೆ. ಅಲ್ಲಿ ಗೆಲ್ಲಲಿಲ್ಲ, ಆದರೆ ನನ್ನ ಹಿಂದೆ ಬಂದ ಗಂಡಸರ ಮುಖ ನೋಡಬೇಕಿತ್ತು. ಹಾಗೆ ಶುರುವಾದದ್ದು ಕೊಯಮತ್ತೂರು, ಚಿಕ್ಕಮಗಳೂರು ಎಂದು ದೇಶ ಸುತ್ತಿ, ಕೊನೆಗೆ ಹೊರದೇಶದ ರ‍್ಯಾಲಿಗಳವರೆಗೆ ಹೋಯಿತು. ಪತ್ರಿಕೆಯವರು ಬಂದು "ಹೆಣ್ಣಾಗಿ ನಿಮಗೆ ಹೆದರಿಕೆ ಆಗಲ್ವಾ?" ಎಂದು ಕೇಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಗಂಡಾಗಿ ಹುಟ್ಟಿದರೆ ಮರಕ್ಕೆ ಗುದ್ದಿದಾಗ ಮರ ಬಗ್ಗುತ್ತದಾ? ಒಮ್ಮೆ ಹಾಗೆಯೇ ಕೇಳಿಬಿಟ್ಟೆ, ಅದನ್ನು ಅವರು ಅಚ್ಚು ಹಾಕಲಿಲ್ಲ.

ಈ ಎಲ್ಲ ವರ್ಷಗಳಲ್ಲಿ ಅಪ್ಪ ನನ್ನ ಒಂದು ಓಟಕ್ಕೂ ಬರಲಿಲ್ಲ. ಮುಂದಿನದು ಯಾವಾಗ ಎಂದು ಒಮ್ಮೆಯೂ ಕೇಳಲಿಲ್ಲ. ನಾನು ಕಪ್ ಹಿಡಿದುಕೊಂಡು ಮನೆಗೆ ಬಂದರೆ ಕಪ್ ನೋಡುವ ಮೊದಲು ನನ್ನ ಕೈಕಾಲು ನೋಡುತ್ತಿದ್ದರು. ಆಮೇಲೆ ಒಂದು ಪ್ರಶ್ನೆ: "ಮಗುಚಲಿಲ್ಲ ಅಲ್ವಾ?" "ಇಲ್ಲ ಅಪ್ಪ." ಅಷ್ಟಾದ ಮೇಲೆಯೇ ಊಟ.

ಆ ವರ್ಷ ಮಾರ್ಚಿನಲ್ಲಿ ಓಟ ಇದ್ದದ್ದು ಮಲೇಷ್ಯಾದಲ್ಲಿ, ತಾಳೆ ಎಣ್ಣೆಯ ತೋಟಗಳ ಒಳಗೆ. ಕಾಫಿಯ ಬದಲು ತಾಳೆ, ಉಳಿದಂತೆ ಅದೇ ಕೆಂಪು ಮಣ್ಣು, ಅದೇ ದರೆ, ಮಧ್ಯಾಹ್ನಕ್ಕೆ ಸುರಿಯುವ ಅದೇ ಮಳೆ. ಮನೆಗೇ ಬಂದ ಹಾಗಿತ್ತು. ನನ್ನ ಪಕ್ಕದಲ್ಲಿ ಕೂತು ಮುಂದಿನ ತಿರುವುಗಳನ್ನು, ಎಷ್ಟು ಕಡಿದು ಎಂಬ ಅಂಕಿಯ ಜೊತೆಗೆ, ಪುಸ್ತಕದಿಂದ ಓದಿ ಹೇಳುವವಳು ಪುತ್ತೂರಿನ ಕಡೆಯ ಹುಡುಗಿ. ಅವಳು ಹೇಳುವುದನ್ನು ನಾನು ಕಣ್ಣು ಮುಚ್ಚಿ ನಂಬುತ್ತೇನೆ. ಅವಳು ಬಲ ಎಂದರೆ ಬಲ. ಆ ದಿನ ಅವಳು ಸರಿಯಾಗಿಯೇ ಓದಿದಳು. ಜಾರಿದ್ದು ಮಣ್ಣು.

ಎಡಕ್ಕೆ ತಿರುಗಿ ಕೂಡಲೇ ಬಲಕ್ಕೆ ತಿರುಗುವ ಜಾಗ. ಮುಂದಿನ ಚಕ್ರ ಚರಂಡಿಯ ಅಂಚಿಗೆ ಇಳಿಯಿತು, ಕಾರು ದರೆಗೆ ಹತ್ತಿತು, ಗಾಜಿನ ತುಂಬ ಒಮ್ಮೆ ಆಕಾಶ, ಒಮ್ಮೆ ಕೆಸರು. ಮತ್ತೆ ಎಲ್ಲ ನಿಂತಾಗ ಇಬ್ಬರೂ ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದೆವು. ಇಂಜಿನ್ ಆರಿತ್ತು. ಮಳೆ ಸದ್ದು ಕೇಳುತ್ತಿತ್ತು. ಪಕ್ಕದಿಂದ ಅವಳ ದನಿ ಬಂತು: "ಬಲ ನಾಲ್ಕು, ಮುಂದೆ ಏರು."

"ಓದೋದು ನಿಲ್ಸು ಮಾರಾಯ್ತಿ, ಮಗುಚಿದ್ದೇವೆ!" ಎಂದು ಕಿರುಚಿದೆ.

"ಹೌದಾ?" ಎಂದಳು. "ಅದಕ್ಕೆ ಅಕ್ಷರ ಎಲ್ಲ ಮೂಗಿನ ಹತ್ರ ಬಂದದ್ದು. ನಿನಗೆ ಎಂತ ಆಗ್ಲಿಲ್ಲ ಅಲ್ಲ?" ಎಂದು ಕೇಳಿದಳು.

ಅವಳ ಆ ದನಿ ಕೇಳಿ ನನಗೆ ಹೋದ ಜೀವ ಬಂದಂತಾಯಿತು. ನನ್ನ ಮೈಯಲ್ಲೂ ಒಂದು ಗೀರಿಲ್ಲ, ಅವಳಿಗೂ ಇಲ್ಲ. ಒಬ್ಬರ ಬೆಲ್ಟನ್ನು ಇನ್ನೊಬ್ಬರು ಬಿಚ್ಚಿ, ಕಿಟಕಿಯಿಂದ ತೆವಳಿಕೊಂಡು ಹೊರಗೆ ಬಂದೆವು. ನಮ್ಮ ಓಟದಲ್ಲಿ ಒಂದು ನಿಯಮ ಉಂಟು. ಅಪಘಾತವಾದ ಕಾರಿನವರು ಕ್ಷೇಮವಾಗಿದ್ದರೆ ದಾರಿಗೆ ಬಂದು 'ಓಕೆ' ಎಂದು ಬರೆದ ಹಲಗೆ ಎತ್ತಿ ಹಿಡಿಯಬೇಕು. ಹಿಂದಿನಿಂದ ಬರುವವರು ಅದನ್ನು ನೋಡಿ ನಿಲ್ಲದೆ ಮುಂದೆ ಹೋಗುತ್ತಾರೆ. ನಾನು ಮಳೆಯಲ್ಲಿ ಹಲಗೆ ಎತ್ತಿ ಹಿಡಿದು ನಿಂತೆ. ಜಪಾನಿನವನಿಗೆ, ಇಂಡೋನೇಷ್ಯಾದವನಿಗೆ, ಗುರುತು ಪರಿಚಯ ಇಲ್ಲದವರಿಗೆಲ್ಲ ನಾನು ಓಕೆ ಎಂದು ತೋರಿಸಿದೆ. ಹಾಗೆ ನಿಂತಿರುವಾಗಲೇ ನೆನಪಾದದ್ದು. ಕಾರು ಮಗುಚಿದೆ. ದೀಪದ ಎದುರು ಹೇಳಿದ ಮಾತು. ನನ್ನ ಓಟ ಮುಗಿಯಿತು.

ದರೆಯ ಮೇಲೆ ನಿಂತು ನೋಡುತ್ತಿದ್ದವರಲ್ಲಿ ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಕಾರು ಮಗುಚಿ ಬಿದ್ದಲ್ಲಿಗೆ ಆ ವಿಡಿಯೋ ಮುಗಿಯುತ್ತದೆ. ನಾವು ಹೊರಗೆ ಬಂದದ್ದಾಗಲಿ, ಹಲಗೆ ಹಿಡಿದದ್ದಾಗಲಿ ಅದರಲ್ಲಿ ಇಲ್ಲ. ನಾನು ಇನ್ನೂ ಕೆಸರಿನಲ್ಲಿ ನಿಂತಿರುವಾಗಲೇ ಅದು ನಮ್ಮೂರಿನ ವಾಟ್ಸಾಪ್ ಗ್ರೂಪಿಗೆ ಹೋಗಿ ಮುಟ್ಟಿತ್ತು ಎಂದು ಆಮೇಲೆ ಗೊತ್ತಾಯಿತು.

ಕಾರನ್ನು ಎಳೆದುಕೊಂಡು ತಂಡದ ಬಿಡಾರಕ್ಕೆ ತಂದರು. ಡಾಕ್ಟರು ಕಣ್ಣಿಗೆ ಲೈಟ್ ಬಿಟ್ಟು, ಕುತ್ತಿಗೆ ಅಲ್ಲಾಡಿಸಿ, ಹೋಗಬಹುದು ಎಂದರು. ನಮ್ಮ ಮೆಕ್ಯಾನಿಕ್ಕುಗಳೆಲ್ಲ ಕೊಯಮತ್ತೂರಿನವರು. ಅವರಲ್ಲಿ ಹಿರಿಯರು ಕಾರಿನ ಒಳಗಿನ ಕಬ್ಬಿಣದ ಚೌಕಟ್ಟನ್ನು ಬಡಿದು, ಕಿವಿಗೊಟ್ಟು ಕೇಳಿ, "ಒಂದೂ ಆಗಿಲ್ಲಮ್ಮ, ನಾಳೆ ಬೆಳಿಗ್ಗೆ ವಂಡಿ ರೆಡಿ" ಎಂದರು. ಆ ರ‍್ಯಾಲಿಯಲ್ಲಿ ಒಂದು ದಿನ ನಿಂತುಹೋದ ಕಾರು ದಂಡದ ಸಮಯ ಹೊತ್ತುಕೊಂಡು ಮರುದಿನ ಮತ್ತೆ ಹೊರಡಬಹುದಿತ್ತು. ತಂಡದ ಮ್ಯಾನೇಜರು ಬಂದು ಕೇಳಿದರು: "ನಾಳೆ ಹೊರಡ್ತೀಯಾ? ಕತ್ತಲಾಗೋದರೊಳಗೆ ಹೆಸರು ಕೊಡಬೇಕು. ನಿಮ್ಮ ಮನೆಗೆ ನಾನು ಆಗಲೇ ಫೋನ್ ಮಾಡಿ ನಿಮ್ಮ ತಾಯಿಗೆ ಹೇಳಿದ್ದೇನೆ, ಇಬ್ಬರೂ ಚೆನ್ನಾಗಿದ್ದೀರಿ ಅಂತ."

"ಅಪ್ಪನಿಗೆ ಹೇಳಿದ್ರಾ?"

"ತಂದೆ ತೋಟದಲ್ಲಿದ್ದಾರಂತೆ."

ಅಪ್ಪನಿಗೆ ನಾನೇ ಹೇಳಬೇಕು. ಹೇಳಿ, ಒಪ್ಪಿಸಬೇಕು. ಒಪ್ಪದಿದ್ದರೆ ನಾಳೆ ಮಾತ್ರ ಅಲ್ಲ, ಮುಂದೆಂದೂ ಇಲ್ಲ. ಪುತ್ತೂರಿನವಳು ಬಿಸಿ ಚಹ ತಂದು ಕೈಗಿಟ್ಟಳು. "ಸುಳ್ಳು ಹೇಳುವಾ ಮಾರಾಯ್ತಿ, ಮಗುಚ್ಲಿಲ್ಲ, ಸ್ವಲ್ಪ ವಾಲಿದ್ದು ಅಂತ," ಎಂದಳು. ನಾನು ನಗಲಿಲ್ಲ. ಫೋನು ತೆಗೆದುಕೊಂಡು ಟೆಂಟಿನ ಹಿಂದೆ ಹೋದೆ.

ಅಪ್ಪನ ಫೋನು ಬಡಿದು ಬಡಿದು ನಿಂತಿತು. ಅವ್ವನದು ಬೇರೆ ಕರೆಯಲ್ಲಿ. ಚಿಕ್ಕಪ್ಪನದು ಸ್ವಿಚ್ ಆಫ್. ಮತ್ತೆ ಅಪ್ಪನದು, ಮತ್ತೆ ಅವ್ವನದು. ಗೊತ್ತಾಯಿತು ಬಿಡು, ಸುದ್ದಿ ಕೇಳಿ ಸಿಟ್ಟು ಬಂದಿದೆ, ಮಾತಾಡುವುದೇ ಇಲ್ಲ ಎಂದು ಕೂತಿದ್ದಾರೆ ಅಂದುಕೊಂಡೆ. ನನಗೂ ರೋಷ ಬಂತು. ಮಗಳು ಬದುಕಿದ್ದಾಳಾ ಎಂದು ಕೇಳಲಿಕ್ಕೂ ಬಾಯಿಲ್ಲವಾ ಇವರಿಗೆ? ಅಳುವೂ ಬಂತು. ಕೊನೆಗೆ ಮನೆಯ ಹಳೆಯ ಲ್ಯಾಂಡ್‌ಲೈನಿಗೆ ಮಾಡಿದೆ. ನಮ್ಮಲ್ಲಿ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲದ ಕಾರಣ ಅದನ್ನು ತೆಗೆಸಿರಲಿಲ್ಲ.

ಫೋನು ಎತ್ತಿದ್ದು ಮನೆಯವರಲ್ಲ. ಗದ್ದೆ ಆಚೆಯ ಮನೆಯ ಮಾಮಿ. ದನಿ ಅತ್ತು ಅತ್ತು ಕಟ್ಟಿತ್ತು.

"ಯಾರು?"

"ನಾನು ಮಾಮಿ."

"ನಾನು ಅಂದ್ರೆ ಯಾರು?"

ಯಾರೆಂದು ಹೇಳಿದೆ. ಆಚೆಯಿಂದ ಒಂದು ಕಿರುಚಾಟ ಬಂತು ನೋಡಿ, ಕಿವಿಯಿಂದ ಫೋನು ದೂರ ಹಿಡಿದೆ. ರಿಸೀವರ್ ನೆಲಕ್ಕೆ ಬಿದ್ದ ಸದ್ದು. ಯಾರೋ ಓಡಿದ ಸದ್ದು. ತುಂಬ ಜನ ಮಾತಾಡುವ ಸದ್ದು. ಕುರ್ಚಿ ಎಳೆಯುವ ಸದ್ದು. ನಮ್ಮ ಮನೆಯಲ್ಲಿ ಇಷ್ಟು ಜನ ಯಾಕೆ? ಅಪ್ಪನಿಗೆ ಏನಾದರೂ ಆಯಿತಾ? ನನ್ನ ಸುದ್ದಿ ಕೇಳಿ ಏನಾದರೂ...

ಅಷ್ಟರಲ್ಲಿ ಅವ್ವ ಫೋನು ಎತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಅಪ್ಪ ಎಲ್ಲಿ? ಅಪ್ಪನಿಗೆ ಎಂತಾಯ್ತು?" ಎಂದು ಕೂಗಿದೆ.

"ಅಪ್ಪನಿಗೆ ಎಂತದೂ ಆಗಿಲ್ಲ. ಸತ್ತದ್ದು ನೀನು," ಎಂದಳು ಅವ್ವ. "ನಿನ್ನ ಚಿಕ್ಕಪ್ಪ ಆನೆ ಓಡಿಸಲಿಕ್ಕೆ ಗುಂಡು ಹೊಡೆದರು. ಎರಡು!"

ಎರಡು ಎಂದ ಕೂಡಲೇ ನನಗೆ ಅರ್ಥವಾಯಿತು. ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಮನೆಮನೆಗೂ ಕೋವಿ ಉಂಟು, ಕೋವಿಗೆ ಅದರದ್ದೇ ಭಾಷೆಯೂ ಉಂಟು. ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಆಕಾಶಕ್ಕೆ ಒಂದು ಗುಂಡು ಹೊಡೆಯುತ್ತಾರೆ. ಸಾವಾದರೆ ಬೆನ್ನಿಗೆ ಬೆನ್ನಿಗೆ ಎರಡು. ಆ ಜೋಡಿ ಗುಂಡು ಕೇಳಿದರೆ ಊರಿನವರು ಕೈಯಲ್ಲಿದ್ದ ಕೆಲಸ ಬಿಟ್ಟು, ಬಿಳಿ ಬಟ್ಟೆ ಉಟ್ಟು, ಯಾರು ಏನು ಎಂದು ಕೇಳದೆ ಆ ಮನೆಗೆ ಹೊರಡುತ್ತಾರೆ. ಫೋನು ಬಂದು ಎಷ್ಟು ಕಾಲವಾದರೂ ಇದು ಹೋಗಿಲ್ಲ. ಆದ್ದರಿಂದಲೇ ಆನೆ ಓಡಿಸುವಾಗ ಪಟಾಕಿ ಹೊಡೆಯಬೇಕು, ಪಟಾಕಿ ಇಲ್ಲದೆ ಕೋವಿ ತೆಗೆದರೆ ಒಂದು ಹೊಡೆದು, ತುಂಬ ಹೊತ್ತು ಬಿಟ್ಟು ಇನ್ನೊಂದು ಹೊಡೆಯಬೇಕು. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ಮುಂದಿನದನ್ನು ನಾನು ಕಣ್ಣಾರೆ ನೋಡಲಿಲ್ಲ. ಆದರೆ ಅವ್ವನ ಬಾಯಲ್ಲಿ, ಚಿಕ್ಕಪ್ಪನ ಬಾಯಲ್ಲಿ, ಆ ಮಾಮಿಯ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ ಈಗ ನಾನೇ ಅಂಗಳದಲ್ಲಿ ಇದ್ದ ಹಾಗಾಗಿದೆ.

ಮನೆಯ ಹಿತ್ತಿಲಿನ ಹಲಸಿನ ಮರಕ್ಕೆ ಹಾಡಹಗಲೇ ಒಂಟಿ ಆನೆ ಬಂದಿತ್ತು. ಪಟಾಕಿ ಹಿಂದಿನ ದಿನದ ಮಳೆಗೆ ಒದ್ದೆ, ಹತ್ತಲಿಲ್ಲ. ಚಿಕ್ಕಪ್ಪ ಕೋವಿ ತಂದು ಆಕಾಶಕ್ಕೆ ಒಂದು ಹೊಡೆದರು. ಆನೆ ಒಂದು ಕಿವಿ ಅಲ್ಲಾಡಿಸಿ, ಇನ್ನೊಂದು ಹಲಸು ಕಿತ್ತಿತು. "ನನ್ನನ್ನು ನೋಡಿ ತಿಂದಿತು, ಬೇಕೂಂತಲೇ ತಿಂದಿತು!" ಎಂದು ಚಿಕ್ಕಪ್ಪ ಈಗಲೂ ಹೇಳುತ್ತಾರೆ. ಅವರಿಗೆ ತಲೆಗೆ ಏರಿತು. ಅಷ್ಟರಲ್ಲೇ ಮ್ಯಾನೇಜರ ಫೋನು ಮುಗಿಸಿದ್ದ ಅವ್ವ ಒಳಗಿನಿಂದ "ಬೇಡ, ಬೇಡ, ಇನ್ನೊಂದು ಬೇಡ!" ಎಂದು ಕೂಗಿಕೊಂಡು ಹೊರಗೆ ಓಡಿದಳು. ಬಾಗಿಲು ದಾಟುವುದರೊಳಗೆ ಎರಡನೆಯದೂ ಹಾರಿತ್ತು. ಆನೆ ಹಣ್ಣು ಬಾಯಲ್ಲಿ ಕಚ್ಚಿಕೊಂಡೇ ಹೋಯಿತಂತೆ.

ಬೇರೆ ದಿನವಾಗಿದ್ದರೆ ಯಾರಾದರೂ ಫೋನು ಮಾಡಿ ವಿಚಾರಿಸುತ್ತಿದ್ದರೋ ಏನೋ. ಆದರೆ ಆ ದಿನ ಊರಿನವರ ಕೈಯಲ್ಲೆಲ್ಲ ನನ್ನ ಕಾರು ಮಗುಚುವ ವಿಡಿಯೋ. ಅದನ್ನು ನೋಡಿ ಬಾಯಿ ಮೇಲೆ ಕೈಯಿಟ್ಟು ನಿಂತಿರುವಾಗಲೇ ನಮ್ಮ ಮನೆಯಿಂದ ಜೋಡಿ ಗುಂಡು. ಇನ್ನು ಕೇಳುವುದೇನಿದೆ?

ಮೊದಲು ಕೇಳಿದ್ದು ಅಪ್ಪ. ಅವರು ಕೆಳಗೆ ಕಣದಲ್ಲಿ ಕಾಫಿ ಒಣಹಾಕುತ್ತಿದ್ದರು. ಅಲ್ಲಿ ಸಿಗ್ನಲ್ ಇಲ್ಲ. ಅಂಗಡಿಗೆ ಹೋಗಿ ಬಂದ ಕೆಲಸದವಳು ಮೊಬೈಲ್ ತೋರಿಸಿದಳು. ಅಪ್ಪ ನೋಡಿದರು, ಮನೆ ಕಡೆ ನಡೆದರು. ಅರ್ಧ ದಾರಿಗೆ ಬಂದಿರುವಾಗ ಗುಂಡು ಕೇಳಿತು. ಅವರು ಮನೆ ಮುಟ್ಟಿದಾಗ ಅವರ ಮುಖ ನೋಡಲಾಗಲಿಲ್ಲ ಎನ್ನುತ್ತಾಳೆ ಅವ್ವ. ಅಂಗಳದಲ್ಲಿ ಚಿಕ್ಕಪ್ಪ ಕೋವಿ ಹಿಡಿದುಕೊಂಡು ಆನೆಯ ವಂಶಕ್ಕೆಲ್ಲ ಬೈಯುತ್ತಿದ್ದರು. ಅವ್ವ ಅಪ್ಪನ ಎರಡೂ ತೋಳು ಹಿಡಿದು, "ಇದ್ದಾಳೆ, ಇದ್ದಾಳೆ, ಎಂತದೂ ಆಗಿಲ್ಲ, ಈಗ ಫೋನು ಬಂತು," ಎಂದಳು. ಅಪ್ಪ ಕೇಳಿಸಿಕೊಂಡರು. ಆಮೇಲೆ ತಮ್ಮನ ಕೆನ್ನೆಗೆ ಒಂದು ಬಿಟ್ಟರು. ಮದುವೆಯಾದ ಮಕ್ಕಳಿರುವ ತಮ್ಮನಿಗೆ! ಚಿಕ್ಕಪ್ಪ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. "ಹೊಡೆದು ಅಪ್ಪಿಕೊಂಡ ಮಾರಾಯ್ತಿ," ಎನ್ನುತ್ತಾರೆ.

ಅಷ್ಟರಲ್ಲಿ ಜನ ಬರತೊಡಗಿದರು. ಗದ್ದೆ ಏರಿಯ ಮೇಲೆ ಬಿಳಿ ಸೀರೆಗಳ ಸಾಲು. ಯಾರೋ ಆಗಲೇ ಕುರ್ಚಿಗೆ ಹೇಳಿ ಪಿಕಪ್ಪಿನಲ್ಲಿ ತುಂಬಿಸಿ ತಂದಿದ್ದರು. ಸಾವಿನ ಮನೆಯಲ್ಲಿ ಒಲೆ ಉರಿಯುವುದಿಲ್ಲವೆಂದು ಇಬ್ಬರು ಅನ್ನ, ಕುಂಬಳಕಾಯಿ ಪಲ್ಯ ಹೊತ್ತುಕೊಂಡು ಬಂದರು. ಅವ್ವ ಒಬ್ಬೊಬ್ಬರಿಗೂ ಹೇಳಿ ಹೇಳಿ ಸೋತಳು. ಗದ್ದೆ ಆಚೆಯ ಮಾಮಿಯಂತೂ ಅದು ಬರೀ ಸಮಾಧಾನದ ಮಾತು ಎಂದು ನಂಬಲೇ ಇಲ್ಲ, ಫೋನಿನ ಪಕ್ಕದಲ್ಲೇ ಕೂತು ಅತ್ತರು. ಬಂದವರು ಮೊದಲು ಅವಳನ್ನು ತಬ್ಬಿಕೊಂಡು ಅಳುತ್ತಿದ್ದರು, ಆಮೇಲೆ ಮಾತು ಕೇಳುತ್ತಿದ್ದರು. ಹುಡುಗಿಯನ್ನು ಓಟಕ್ಕೆ ಬಿಟ್ಟದ್ದೇ ತಪ್ಪು ಎಂದು ಮದುವೆ ಮನೆಗಳಲ್ಲಿ ಬಾಯಿ ಬಡಿದುಕೊಂಡಿದ್ದ ಹಿರಿಯರೊಬ್ಬರು ಅಂಗಳದ ಕಟ್ಟೆಯಲ್ಲಿ ಕೂತು, "ಎಂಥ ಕೈ ಅವಳದು, ಎಂಥ ಡ್ರೈವಿಂಗ್, ಇನ್ನು ಹುಟ್ಟುವುದಿಲ್ಲ ಅಂಥವಳು," ಎಂದು ಕಣ್ಣೊರೆಸಿಕೊಂಡರಂತೆ. ನಾನು ಬದುಕಿದ್ದೇನೆಂದು ತಿಳಿದ ಮೇಲೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರಿಗೆ ದಾರಿಯಿರಲಿಲ್ಲ.

ದೂರದ ಮನೆಗಳವರು ಇನ್ನೂ ಹೊರಡುತ್ತಿದ್ದರು. ಬಾಳೆಲೆ ಊರಿನ ಕಡೆಯ ನೆಂಟರೂ ಕಾರು ಹತ್ತಿದ್ದಾರೆ ಎಂದು ಸುದ್ದಿ ಬಂತು. ಇವರನ್ನೆಲ್ಲ ನಿಲ್ಲಿಸುವುದು ಹೇಗೆ? ಸತ್ತಿಲ್ಲ ಎಂದು ಹೇಳಲು ನಮ್ಮ ಕೋವಿಗೆ ಗುಂಡಿಲ್ಲ. ಚಿಕ್ಕಪ್ಪ ತಲೆ ಕೆರೆದುಕೊಳ್ಳುತ್ತಿದ್ದರು. ಅಪ್ಪ ಅವರ ಕೈಯಿಂದ ಕೋವಿ ಕಸಿದುಕೊಂಡು, ಅಂಗಳದ ನಡುವೆ ನಿಂತು, ಆಕಾಶಕ್ಕೆ ಹೊಡೆದರು. ಒಂದು.

ಅದರಿಂದ ಗಲಾಟೆ ಇನ್ನೂ ಹೆಚ್ಚಾಯಿತು. ಆಮೇಲೆ ಬಂದವರೆಲ್ಲ ಬಿಳಿ ಬಟ್ಟೆಯಲ್ಲೇ ಬಂದು, ಅಳಬೇಕೋ ನಗಬೇಕೋ ತಿಳಿಯದೆ, "ಯಾರಿಗೆ ಗಂಡು ಮಗು?" ಎಂದು ಕೇಳಿದರಂತೆ. ಇದನ್ನು ಹೇಳುವಾಗ ಅವ್ವನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ, "ನೀನು ಹುಟ್ಟಿದಾಗ ಇವರು ಹೊಡೆದಿರಲಿಲ್ಲ. ಹೆಣ್ಣಿಗೆ ಹೊಡೆಯುವ ಕ್ರಮ ಇಲ್ಲ ಅಂತ. ಇವತ್ತು ಹೊಡೆದರು ನೋಡು," ಎಂದಳು. ನಾನು ಟೆಂಟಿನ ಹಿಂದೆ ಕೆಸರಿನಲ್ಲೇ ಕೂತುಬಿಟ್ಟೆ.

"ಅಪ್ಪನಿಗೆ ಕೊಡು," ಎಂದೆ.

ಅಪ್ಪ ಬಂದರು. ಉಸಿರು ಕೇಳುತ್ತಿತ್ತು.

"ಅಪ್ಪ, ಕಾರು ಮಗುಚಿತು."

"ಗೊತ್ತು."

"ಹೇಳಿದ ಮಾತು ನೆನಪುಂಟು."

"ನಿನ್ನ ಜೊತೆಯ ಹುಡುಗಿ ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ. ಕಾರು ನಾಳೆಗೆ ರೆಡಿ ಆಗ್ತದಂತೆ. ಹೊರಡುವುದಾದರೆ ಈಗಲೇ ಹೇಳಬೇಕು."

ಹಿಂದಿನಿಂದ ಚಿಕ್ಕಪ್ಪ "ಹೋಗಲಿ ಅನ್ನು, ಹೋಗಲಿ ಅನ್ನು" ಎನ್ನುವುದು ಇಲ್ಲಿಗೇ ಕೇಳುತ್ತಿತ್ತು. ಅಪ್ಪ ಹೇಳಿದರು: "ನಿನ್ನ ಸಾವಿಗೆ ಅಂತ ಇಷ್ಟು ಜನ ಬಂದು ಕೂತಿದ್ದಾರೆ. ಹಂದಿ ಸಾರು ಮಾಡಿ ಉಣ್ಣಿಸಿ ಕಳಿಸ್ತಿದ್ದೇನೆ. ನೀನು ಹಿಡಿದ ಕೆಲಸ ಮುಗಿಸು. ಮಾತಿನ ವಿಷಯ ಮನೆಗೆ ಬಂದ ಮೇಲೆ."

ಅಷ್ಟು ಹೇಳಿ ಇಟ್ಟುಬಿಟ್ಟರು. ಒಪ್ಪಿದರೋ, ಬರೀ ನಾಳೆಯ ಮಟ್ಟಿಗೆ ಬಿಟ್ಟರೋ ಗೊತ್ತಾಗಲಿಲ್ಲ. ಮ್ಯಾನೇಜರ ಹತ್ತಿರ ಹೋಗಿ ಹೆಸರು ಕೊಡಿ ಎಂದೆ.

ಮರುದಿನ ಓಡಿಸಿದೆ. ಇದೇ ಕೊನೆ ಇರಬಹುದು ಎಂದುಕೊಂಡೇ ಓಡಿಸಿದೆ. ಹಾಗೆ ಅಂದುಕೊಂಡಾಗ ಪ್ರತಿ ತಿರುವಿನ ಮೇಲೂ ಪ್ರೀತಿ ಬರುತ್ತದೆ ಎಂದು ಅವತ್ತು ಗೊತ್ತಾಯಿತು. ನಿನ್ನೆ ಬಿದ್ದಂಥದೇ ಇನ್ನೊಂದು ತಿರುವಿಗೆ ಬಂದಾಗ ಪುತ್ತೂರಿನವಳು ತಿರುವು ಓದಿ, ಕೊನೆಗೆ "ಇಲ್ಲಿ ಆಕಾಶ ಮೇಲೆಯೇ ಇರ್ಲಿ ಮಾರಾಯ್ತಿ," ಎಂದು ಸೇರಿಸಿದಳು. ನಗುತ್ತಲೇ ದಾಟಿದೆವು. ಗೆಲ್ಲಲಿಲ್ಲ. ದಂಡದ ಸಮಯ ಹೊತ್ತವರು ಗೆಲ್ಲುವುದೆಲ್ಲಿಂದ? ಆದರೆ ನಾಲ್ಕೂ ಚಕ್ರ ನೆಲದ ಮೇಲಿಟ್ಟು ಮುಗಿಸಿದೆವು. ಕೊನೆಯ ಕಮಾನು ದಾಟಿದಾಗ ಕೊಯಮತ್ತೂರಿನ ಹಿರಿಯರು ಕಾರಿನ ಬಾನೆಟ್ಟಿಗೆ ಕೈ ಮುಗಿದರು.

ವಿಮಾನ ಇಳಿದು, ಟ್ಯಾಕ್ಸಿಯಲ್ಲಿ ವಿರಾಜಪೇಟೆ ದಾಟಿ ಬಂದೆ. ಮನೆಯಲ್ಲಿ ಗದ್ದೆ ಆಚೆಯ ಮಾಮಿ ಕಾದು ಕೂತಿದ್ದರು. ಬಂದವರೇ ನನ್ನ ತೋಳು ಚಿವುಟಿದರು. "ಅಯ್ಯೋ!" ಎಂದೆ. "ಹಾಂ, ಈಗ ಸರಿ," ಎಂದು ಮನೆಗೆ ಹೋದರು. ಚಿಕ್ಕಪ್ಪ ಆನೆಯ ಕಥೆ ಮೊದಲಿನಿಂದ ಶುರು ಮಾಡಿದರು. ಅಪ್ಪ ಮಾತ್ರ ಎಂದಿನಂತೆ ನನ್ನ ಕೈಕಾಲು ನೋಡಿದರು. ಮಗುಚಲಿಲ್ಲ ಅಲ್ವಾ ಎಂದು ಕೇಳುವ ಹಾಗಿರಲಿಲ್ಲ. ಊಟವಾದ ಮೇಲೆ, "ಕಣದಲ್ಲಿ ಮೂಟೆ ಉಂಟು. ಜೀಪು ತೆಗಿ," ಎಂದರು.

ತೋಟದ ಜೀಪು ಮಾತ್ರ. ಆಯಿತು ಬಿಡು, ತೀರ್ಮಾನ ಇದೇ ಇರಬೇಕು ಎಂದುಕೊಂಡೆ. ಕೀ ತೆಗೆದುಕೊಂಡು ಹೋದರೆ ಅಪ್ಪ ಬಂದು ಪಕ್ಕದಲ್ಲಿ ಕೂತರು. ನಾನು ಓಟಕ್ಕೆ ಹೋಗಲು ಶುರು ಮಾಡಿದ ಮೇಲೆ ನನ್ನ ಪಕ್ಕದಲ್ಲಿ ಅವರು ಕೂತದ್ದೇ ಇಲ್ಲ. ಕಣಕ್ಕೆ ಇಳಿಯುವ ದಾರಿಯಲ್ಲಿ, ಅರ್ಧಕ್ಕೆ, ಒಂದು ಸಿಲ್ವರ್ ಮರದ ಹತ್ತಿರ, "ನಿಲ್ಲಿಸು," ಎಂದರು.

ನಿಲ್ಲಿಸಿದೆ.

"ಇಲ್ಲಿಗೆ ಬರುವಾಗ ಕೇಳಿತು. ಒಂದು. ಅದರ ಬೆನ್ನಿಗೇ ಇನ್ನೊಂದು. ಆ ಬುಡದಲ್ಲಿ ಕೂತೆ."

ನಾನು ಮರದ ಬುಡ ನೋಡಿದೆ. ಒಣ ಎಲೆ, ಒಂದು ಖಾಲಿ ಗೊಬ್ಬರದ ಚೀಲ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

"ಆಮೇಲೆ?"

"ಆಮೇಲೆ ಎಂತ? ತೀರಿಹೋದ ನಮ್ಮ ಹಿರಿಯರ ಹತ್ರ ಬೇಡಿಕೊಂಡೆ. ಆ ಗುಂಡು ಸುಳ್ಳು ಮಾಡಿ, ಅವಳನ್ನು ಉಳಿಸಿಕೊಡಿ. ಅವಳು ಎಂತ ಬೇಕಾದರೂ ಓಡಿಸಲಿ, ಎಷ್ಟು ಸಲ ಬೇಕಾದರೂ ಮಗುಚಲಿ, ನಾನು ಇನ್ನು ಅಡ್ಡ ಬರುವುದಿಲ್ಲ. ಬಾಯಿಬಿಟ್ಟೇ ಹೇಳಿದೆ. ಹೇಳಿ ಮೇಲೆ ಹೋಗಿ ನೋಡಿದರೆ ನಿನ್ನ ಚಿಕ್ಕಪ್ಪ ಆನೆಗೆ ಬೈತಾ ನಿಂತಿದ್ದಾನೆ!"

ಅಪ್ಪ ಮುಖ ಗಂಟಿಕ್ಕಿಕೊಂಡು ಎದುರಿನ ದಾರಿ ನೋಡುತ್ತಿದ್ದರು. ವ್ಯಾಪಾರದಲ್ಲಿ ಮೋಸಹೋದವರ ಮುಖ ಅದು.

"ಸ್ವಲ್ಪ ತಡೆದಿದ್ದರೆ ಹೇಳುವ ಅಗತ್ಯವೇ ಇರಲಿಲ್ಲ," ಎಂದರು. "ಆದರೆ ಹೇಳಿ ಆಯ್ತಲ್ಲ. ನೀನು ಮಾತು ಕೊಟ್ಟದ್ದು ನನಗೆ. ನಾನು ಕೊಟ್ಟದ್ದು ಹಿರಿಯರಿಗೆ. ಅವರು ಅವರ ಕೆಲಸ ಮಾಡಿದರು. ಇನ್ನು ನಾನು ತಪ್ಪಲಿಕ್ಕೆ ಆಗ್ತದಾ?"

ನಗು ಬಂತು. ನಗುವಿನ ಹಿಂದೆಯೇ ಅಳು ಬಂತು, ತಡೆಯಲಿಕ್ಕಾಗದೆ ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತೆ. ಕಾರು ಮಗುಚಿದಾಗ ಅಳದೆ ಉಳಿದದ್ದೆಲ್ಲ ಅಲ್ಲಿ ಹೋಯಿತು. ಎದೆಯ ಮೇಲಿಂದ ಯಾರೋ ಕಾಫಿ ಮೂಟೆ ಇಳಿಸಿದ ಹಾಗಾಯಿತು. ಅಪ್ಪ ನನ್ನ ಬೆನ್ನ ಮೇಲೆ ಒಮ್ಮೆ ಕೈಯಿಟ್ಟು ತೆಗೆದರು.

"ಸಾಕು, ನಡಿ. ಮುಂದೆ ಇಳಿಜಾರು. ಬ್ರೇಕ್ ಮುಟ್ಟಬೇಡ."

ಗೇರು ಇಳಿಸಿದೆ. ಜೀಪು ನಿಧಾನ ಜಗ್ಗಿಕೊಂಡು ಇಳಿಯತೊಡಗಿತು. ಕಣ ಕಾಣಿಸುವ ತಿರುವಿಗೆ ಬಂದಾಗ ಅಪ್ಪ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು: "ಮುಂದಿನ ಓಟ ಯಾವಾಗ?"